ಪಕ್ಕದ ಸೀಟಿನ ತೂಕ

ತಿರುವು ಬರುವ ಮೊದಲೇ ಅವನು ಉಸಿರು ಬಿಗಿಹಿಡಿದಿದ್ದ. ಬೆಳಗಿನ ರಸ್ತೆಯಲ್ಲಿ ಇನ್ನೂ ಜನ ಇರಲಿಲ್ಲ. ಅಂಗಡಿಯೊಂದರ ಮುಂದೆ ಯಾರೋ ಬಕೆಟ್ಟಿನ ನೀರು ಸುರಿದು ಪೊರಕೆಯಿಂದ ಚರಂಡಿಗೆ ತಳ್ಳುತ್ತಿದ್ದರು. ಅವನು ವೇಗ ಇಳಿಸಿ, ಎರಡೂ ಕೈಯಿಂದ ಸ್ಟೀರಿಂಗನ್ನು ಮೆಲ್ಲಗೆ, ನಿದ್ದೆಹೋದ ಮಗುವಿನ ತಲೆಯನ್ನು ಹೊರಳಿಸುವವನ ಹಾಗೆ ತಿರುಗಿಸಿದ. ಅದು ಬಂತು. ಕಟಕ್. ಇಂಜಿನ್ನಿನಿಂದಲ್ಲ, ಅವನ ಕಾಲಿನ ಅಡಿಯಿಂದಲೂ ಅಲ್ಲ. ಪಕ್ಕದ ಸೀಟಿನ ಮುಂದೆ, ಕೆಳಗೆ ಎಲ್ಲೋ, ಮುಚ್ಚಿದ ಕೋಣೆಯ ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಬಾಗಿಲಿಗೆ ಒಮ್ಮೆ ಬಡಿದು, ಹೊರಗಿನವರು ಕೇಳಿಸಿಕೊಂಡರೋ ಇಲ್ಲವೋ ಎಂದು ಕಾಯುವ ಹಾಗೆ. ಶಬ್ದಕ್ಕಿಂತ ಆ ಕಾಯುವಿಕೆ ಹೆಚ್ಚು ಸ್ಪಷ್ಟವಾಗಿತ್ತು. ಸ್ಟೀರಿಂಗಿನ ಮೂಲಕ ಅದು ಅವನ ಅಂಗೈಗೂ ತಲುಪಿತು. "ಹೂಂ," ಎಂದ ಅವನು, ಗಟ್ಟಿಯಾಗಿಯೇ. ಹೀಗೆ ಓಗೊಡುವುದು ಯಾವಾಗ ಶುರುವಾಯಿತೆಂದು ಅವನಿಗೆ ನೆನಪಿರಲಿಲ್ಲ. ಪಕ್ಕದ ಸೀಟಿನ ಕಡೆ ಮಾತ್ರ ಅವನು ನೋಡಲಿಲ್ಲ. ಖಾಲಿ ಸೀಟನ್ನು ನೋಡಿದರೆ ಖಾಲಿ ಸೀಟು ಕಾಣುತ್ತದೆ, ಅಷ್ಟೆ. ಅದು ಗೊತ್ತಿದ್ದೂ ನೋಡದಿರುವುದೇ ವಾಸಿ ಎನ್ನಿಸುತ್ತಿತ್ತು.

ಹೆಂಡತಿ ತೀರಿಹೋದ ಮೇಲೆ ಅವನು ಮೊದಲ ಸಲ ಒಬ್ಬನೇ ಕಾರು ತೆಗೆದದ್ದು ಅವಳ ಬಟ್ಟೆಗಳನ್ನು ಅನಾಥಾಶ್ರಮಕ್ಕೆ ಕೊಟ್ಟುಬರಲು. ಬಟ್ಟೆಯ ಗಂಟು ಡಿಕ್ಕಿಯಲ್ಲಿತ್ತು. ಮನೆಯ ಗೇಟು ದಾಟಿ ತಿರುಗಿದಾಗಲೇ ಅದು ಬಡಿಯಿತು. ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚಿಲ್ಲವೇನೋ ಎಂದು ಇಳಿದು ನೋಡಿದ, ಮುಚ್ಚಿತ್ತು. ಮುಂದಿನ ತಿರುವಿನಲ್ಲಿ ಮತ್ತೆ. ಬಟ್ಟೆ ಕೊಟ್ಟು ಹಿಂತಿರುಗುವಾಗ ಇನ್ನೂ ಗಟ್ಟಿಯಾಗಿ. ಆ ದಿನ ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಯಾಕೆಂದರೆ ಆ ಶಬ್ದವನ್ನು ಅವನು ಕೇಳಿದ್ದು ಮೊದಲ ಸಲವಾದರೂ ಅದರ ಪರಿಚಯ ಅವನಿಗಿತ್ತು. ವರ್ಷಗಳ ಹಿಂದೆ ಅವಳು ಅದನ್ನು ಹೇಳಿದ್ದಳು. "ತಿರುಗಿಸುವಾಗ ಕಟಕ್ ಅಂತದೆ, ರೀ. ಯಾರೋ ಬಾಗಿಲು ಬಡಿದ ಹಾಗೆ." ಅವನು ತಿಂಡಿ ತಿನ್ನುತ್ತಿದ್ದ. "ಬಾಗಿಲು ತೆಗೆ ಮತ್ತೆ," ಎಂದಿದ್ದ.

ಅವಳು ಕಾರು ಕಲಿತದ್ದು ವಯಸ್ಸು ಬಲಿತ ಮೇಲೆ, ಮೊಣಕಾಲು ನೋವು ಶುರುವಾದ ಮೇಲೆ. ಅವನು ಕೆಲಸಕ್ಕೆ ಕಂಪನಿಯ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಹಗಲೆಲ್ಲ ಕಾರು ಮನೆಯ ಮುಂದೆ ಬಿಸಿಲು ಕಾಯುತ್ತಿತ್ತು. ಒಂದು ದಿನ ಸಂಜೆ ಅವನು ಬಸ್ಸಿಳಿದಾಗ ನಿಲ್ದಾಣದ ಎದುರು ಅದೇ ಕಾರು ನಿಂತಿತ್ತು, ಒಳಗೆ ಅವಳು, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಸ್ಟೀರಿಂಗಿನ ಮೇಲಿಂದ ಮೂಗು ಮಾತ್ರ ಕಾಣುವಂತೆ. ಹತ್ತಿ ಕೂತವನು ಮನೆ ಮುಟ್ಟುವವರೆಗೆ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಇದ್ದ. "ನಿಧಾನ, ನಿಧಾನ. ಆ ಕಡೆ ನೋಡು. ಹಾರನ್ ಮಾಡು." ಅವಳು ನಗುತ್ತ ಓಡಿಸಿದ್ದಳು. ಊರಿನ ಆಚೆ ಬದಿಯಲ್ಲಿದ್ದ ಅಕ್ಕನ ಮನೆಗೆ ಅವಳು ಯಾರ ಹಂಗೂ ಇಲ್ಲದೆ ಹೋಗಿಬರತೊಡಗಿದ್ದು ಆಮೇಲೆ. ಬಂದವಳ ಮುಖದಲ್ಲಿ ಗಾಳಿ ಆಡಿದ ಗುರುತಿರುತ್ತಿತ್ತು. ಆಮೇಲೆ ಆ ಶಬ್ದ. ಪರೀಕ್ಷೆ ಮಾಡೋಣ ಎಂದು ಅವನು ಅವಳ ಪಕ್ಕದಲ್ಲಿ ಕೂತು ಊರೆಲ್ಲ ಸುತ್ತಿಸಿದ, ಏನೂ ಇಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿ ತಾನೇ ಓಡಿಸಿದ, ಏನೂ ಇಲ್ಲ. ಮಗಳನ್ನು ಅವಳ ಜೊತೆ ಕಳಿಸಿದ. ಮಗಳು ಬಂದು ಇಲ್ಲವೆಂದು ತಲೆಯಾಡಿಸಿದಳು. ಮನೆಗೆ ನೆಂಟರು ಬಂದಿದ್ದಾಗ ಊಟದ ನಡುವೆ ಅವನು ನಾಲಿಗೆಯಿಂದ ಕಟಕ್ ಎಂದು ಸದ್ದುಮಾಡಿ, "ನೋಡೇ, ಇಲ್ಲಿಗೂ ಬಂತು," ಎಂದ. ಎಲ್ಲರೂ ನಕ್ಕರು. ಅವಳ ತಮ್ಮ, "ಭಾವ, ಅಕ್ಕನಿಗೂ ಕಾರಿಗೂ ಏನು ಮನಸ್ತಾಪ?" ಎಂದ. ಅವಳೂ ನಕ್ಕಳು. ನಕ್ಕು, ನೀರು ತರುವ ನೆಪದಲ್ಲಿ ಎದ್ದು ಹೋದಳು. ಹೂಜಿ ಮೇಜಿನ ಮೇಲೆ ತುಂಬಿಕೊಂಡೇ ಇತ್ತು.

ಕಿವಿಯ ಡಾಕ್ಟರು ಕಿವಿ ಚೆನ್ನಾಗಿದೆ ಎಂದರು. ಚೆನ್ನಾಗಿರುವ ಕಿವಿಗೆ ಇಲ್ಲದ್ದು ಕೇಳಿಸಿದರೆ ಏನೆಂದು ತಿಳಿಯಬೇಕು? ಅವರು ಅವಳ ಕಡೆ ನೋಡದೆ ಅವನ ಕಡೆ ನೋಡಿ, ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಬೇಕು ಎಂದು ಮಾತ್ರೆ ಕೊಟ್ಟರು. ಆ ಸಂಜೆ ಅವನು ಕೈ ಚಾಚಿದ್ದ. ಗದರಿಸಲಿಲ್ಲ, ಪ್ರೀತಿಯಿಂದಲೇ, ಅಂಗೈ ಮೇಲೆ ಮಾಡಿ. ಅವಳು ಕೀಲಿಕೈಯನ್ನು ಅದರಲ್ಲಿಟ್ಟಳು. ಆಮೇಲೆ ಎಲ್ಲಿಗೆ ಹೋದರೂ ಅವನು ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ ಕೂರುತ್ತಿದ್ದಳು. "ಈಗ ಕೇಳಿಸ್ತದಾ?" ಎಂದು ಅವನು ಮೊದಮೊದಲು ಕೇಳುವುದಿತ್ತು. "ಇಲ್ಲ, ಈಗಿಲ್ಲ," ಎನ್ನುತ್ತಿದ್ದಳು. ಆ ಉತ್ತರದಲ್ಲಿ ಸಮಾಧಾನವಿತ್ತೋ ಭಯವಿತ್ತೋ, ಆಗ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ಮಗಳ ಸರದಿ. ಹೋದ ವಾರ ಅವನು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಇಳಿದು, ಮುಂದಿನ ಚಕ್ರದ ಹತ್ತಿರ ಮೊಣಕಾಲೂರಿ ಕಿವಿ ಕೊಟ್ಟು ಕೂತದ್ದನ್ನು, ಹಿಂದೆ ಗಾಡಿಗಳ ಸಾಲು ಹಾರನ್ ಬಡಿಯುತ್ತಿದ್ದುದನ್ನು ಪಕ್ಕದ ಮನೆಯವರು ನೋಡಿದ್ದರು. ಮಗಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು, ಕಾರು ಕಲಿತವಳಲ್ಲ. ಆ ರಾತ್ರಿ ಅವನ ಎದುರು ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದಳು. "ಅಪ್ಪ, ಇನ್ನೊಂದೇ ಸಲ ಗ್ಯಾರೇಜ್ ಮೇಸ್ತ್ರಿ ಹತ್ರ ತೋರಿಸೋಣ. ನಾನೂ ಬರ್ತೀನಿ. ಅವರಿಗೆ ಕೇಳಿಸಿದ್ರೆ ರಿಪೇರಿ. ಇಲ್ದಿದ್ರೆ ಕೀ ನನಗೆ ಕೊಡ್ಬೇಕು. ಡಾಕ್ಟರ್ ಹತ್ರಾನೂ ಬರ್ಬೇಕು." ಅವನು ಒಪ್ಪಿಕೊಂಡಿದ್ದ. ಇವತ್ತು ಬೆಳಿಗ್ಗೆ ದೇವರ ಮುಂದೆ ನಿಂತಾಗ ಮಾತ್ರ ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಏನೆಂದು ಬೇಡಬೇಕು? ಶಬ್ದ ಇಲ್ಲವೆಂದಾದರೆ ತನ್ನ ತಲೆ ಕೆಟ್ಟಿದೆ. ಇದೆಯೆಂದಾದರೆ ಅವಳದು ಕೆಟ್ಟಿರಲಿಲ್ಲ. ಯಾವುದನ್ನು ಕೊಡು ಎಂದು ಕೇಳಲೂ ನಾಲಿಗೆ ಏಳದೆ, ಮುಗಿದ ಕೈಯನ್ನು ಹಾಗೆಯೇ ಬಿಚ್ಚಿ ಹೊರಟುಬಂದಿದ್ದ.

ಗ್ಯಾರೇಜಿನ ಅಂಗಳದಲ್ಲಿ ಎಣ್ಣೆ ಕುಡಿದ ಮಣ್ಣು ಕಪ್ಪಗೆ ಹೊಳೆಯುತ್ತಿತ್ತು. ಮೇಸ್ತ್ರಿ ಒಳ್ಳೆ ಗಾತ್ರದ ಆಳು. ಅವನು ಕಾರಿನೊಳಗೆ ಕೂತರೆ ಕಾರು ಆ ಕಡೆಗೆ ವಾಲಿ ನರಳುತ್ತಿತ್ತು. ಅವನದೊಂದು ಕಟ್ಟಳೆ ಇತ್ತು: ಯಜಮಾನ ಒಳಗಿಲ್ಲದೆ ಯಾವ ಗಾಡಿಯನ್ನೂ ಗೇಟು ದಾಟಿಸುವುದಿಲ್ಲ. ಹಿಂದೆಂದೋ ಯಾರೋ ತಮ್ಮ ಕಾರಿನಲ್ಲಿ ಇವನು ಸಂಸಾರ ಸಮೇತ ಸುತ್ತಾಡಿದನೆಂದು ಆಡಿಕೊಂಡಿದ್ದರಂತೆ. ಅಂದಿನಿಂದ, ತಾನು ಓಡಿಸಿದರೆ ಯಜಮಾನ ಪಕ್ಕದಲ್ಲಿ. ಯಜಮಾನ ಓಡಿಸಿದರೆ ತಾನು ಪಕ್ಕದಲ್ಲಿ.

"ಬನ್ನಿ ಯಜಮಾನ್ರೇ," ಎಂದ ಮೇಸ್ತ್ರಿ. "ಭೂತ ಬಂದಿದೆಯಾ ಜೊತೆಗೆ?"

"ಬಂದಿದೆ."

"ನನ್ನ ಕಂಡ್ರೆ ಓಡಿಹೋಗ್ತದೆ ಅದು. ಹೋದ ಸಲ ಜಾಕ್ ಹಾಕಿ ಎಲ್ಲ ಕೀಲೂ ಸಲಾಕೆಯಲ್ಲಿ ಮೀಟಿದೆ. ಸ್ಟೀರಿಂಗ್ ಬಿಗಿಯಾಗಿದೆ, ಚಕ್ರ ಬಿಗಿಯಾಗಿದೆ. ಬಿಡಿ, ಇನ್ನೊಂದ್ಸಲ ಹೋಗೋಣ."

ಮೇಸ್ತ್ರಿ ಪಕ್ಕದಲ್ಲಿ ಕೂತ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಆನಿಸಿ ಅದರ ತುದಿಯನ್ನು ಕಾರಿನ ಮೈಗೆ ಒತ್ತಿ, ಕಣ್ಣು ಮುಚ್ಚಿದ. ಅವನು ಓಡಿಸಿದ. ಗೋದಾಮುಗಳ ಹಿಂದಿನ ರಸ್ತೆ, ಹಳ್ಳ ಬಿದ್ದ ರಸ್ತೆ, ಗುಂಡಗಿನ ವೃತ್ತ. ಬೇಕೆಂದೇ ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿದ. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಬೆಳಿಗ್ಗೆ ಅಷ್ಟು ಗಟ್ಟಿಯಾಗಿ ಬಡಿದದ್ದು ಈಗ ಉಸಿರು ಅಡಗಿಸಿ ಕೂತಿತ್ತು. ಹೊರಗಿನವರ ಹೆಜ್ಜೆ ಕೇಳಿ ಮನೆಯೊಳಗಿನವರು ಮಾತು ನಿಲ್ಲಿಸಿದ ಹಾಗೆ. ಅವನಿಗೆ ಬೆವರು ಒಡೆಯಿತು. ಹಿಂದೊಂದು ದಿನ ಇದೇ ಸೀಟಿನಲ್ಲಿ ಸ್ಟೀರಿಂಗ್ ಹಿಡಿದು, ಪಕ್ಕದಲ್ಲಿ ಕೂತ ತನ್ನ ಕಡೆ ಮತ್ತೆ ಮತ್ತೆ ನೋಡುತ್ತ, "ಈಗ ಬರ್ತದೆ, ಈ ತಿರುವಲ್ಲಿ ಖಂಡಿತ ಬರ್ತದೆ," ಎಂದವಳ ಮೇಲ್ದುಟಿಯ ಮೇಲೂ ಹೀಗೆಯೇ ಬೆವರಿತ್ತು. ಅವನು ಆಗ ಗಡಿಯಾರ ನೋಡಿಕೊಂಡಿದ್ದ.

ಅವರು ಹಿಂತಿರುಗಿದಾಗ ಮಗಳು ಗೇಟಿನ ಹತ್ತಿರ ನಿಂತಿದ್ದಳು, ಅಂಗಡಿಯ ಬಿಳಿ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು. ಮೇಸ್ತ್ರಿ ಅವಳ ಕಡೆ ನೋಡಿ ತುಟಿ ಸೊಟ್ಟ ಮಾಡಿದ. "ನೀವೇ ಕೂತು ನೋಡಿಬಿಡಿ ಅಮ್ಮ. ನನ್ನ ಕಿವಿ ಹಳೇದಾಯ್ತೇನೋ." ಅವಳು ಪಕ್ಕದಲ್ಲಿ ಕೂತಳು, ಮೇಸ್ತ್ರಿ ಹಿಂದೆ. ಮತ್ತೆ ಅದೇ ರಸ್ತೆ, ಅದೇ ಹಳ್ಳ, ಅದೇ ವೃತ್ತ. ಪ್ರತಿ ತಿರುವಿನಲ್ಲೂ ಅವಳು ಕೇಳಿದಳು, ಅಂಗಡಿಯಲ್ಲಿ ಕೇಳುವ ದನಿಯಲ್ಲೇ: "ಈಗ ಕೇಳಿಸ್ತಾ ಅಪ್ಪ? ಈಗ? ಈಗ ಹೇಗಿದೆ?" ಒಂದೊಂದು ಗಾಜು ಬದಲಾಯಿಸಿ ಕಣ್ಣಿಗಿಡುವ ಹಾಗೆ. ಪ್ರತಿ ಸಲವೂ ಅವನು ಇಲ್ಲ ಎಂದ. ಇಲ್ಲ ಎನ್ನುವುದು ಕೊನೆಕೊನೆಗೆ ಸುಲಭವಾಗುತ್ತ ಬಂತು.

ಅಂಗಳದಲ್ಲಿ ಕಾರು ನಿಂತಿತು. ಮೇಸ್ತ್ರಿ ಇಳಿದು ನಲ್ಲಿಯ ಕಡೆ ನಡೆದ. ಮಗಳು ಕೂತಲ್ಲಿಂದಲೇ ಅವನ ತೋಳು ಮುಟ್ಟಿದಳು.

"ಅಪ್ಪ, ಬೇಜಾರು ಮಾಡ್ಕೋಬೇಡ. ಅಮ್ಮ ಹೋಗಿ ಇನ್ನೂ ಎಷ್ಟಾಯ್ತು? ಎಲ್ಲರಿಗೂ ಹೀಗೆ ಆಗ್ತದೆ. ಅವಳು ಹೇಳ್ತಿದ್ದದ್ದೇ ನಿನಗೂ ಕೇಳಿಸ್ತಿದೆ, ನೋಡು."

"ಅವಳು ಹೇಳ್ತಿದ್ದದ್ದೇ," ಎಂದ ಅವನು.

"ಹೂಂ. ಅದಕ್ಕೇ ಹೇಳ್ತಿರೋದು." ಅವಳು ಇಳಿದು, ಸುತ್ತಿ ಬಂದು, ಅವನ ಕಿಟಕಿಯ ಬಳಿ ನಿಂತು ಕೈ ಚಾಚಿದಳು. ಅಂಗೈ ಮೇಲಾಗಿ. ಎಷ್ಟು ಪ್ರೀತಿಯಿಂದ ಚಾಚಿದ್ದಳೆಂದರೆ ಅವನಿಗೆ ತನ್ನದೇ ಕೈ ಕಂಡ ಹಾಗಾಯಿತು. ಬೆರಳುಗಳೂ ಅವನವೇ, ಚಿಕ್ಕವಳಿದ್ದಾಗಲೇ ಎಲ್ಲರೂ ಹಾಗೆ ಹೇಳುತ್ತಿದ್ದರು.

ಅಷ್ಟರಲ್ಲಿ ಮೇಸ್ತ್ರಿ ನಲ್ಲಿಯ ಬಳಿಯಿಂದ ಕೂಗಿದ. "ಯಜಮಾನ್ರೇ, ಇನ್ನೊಂದು ಗಾಡಿ ಒಳಗೆ ಬರ್ಬೇಕು. ಸ್ವಲ್ಪ ಗೋಡೆ ಕಡೆಗೆ ಹಾಕಿಬಿಡಿ. ಆಮೇಲೆ ಅಪ್ಪ ಮಗಳು ಎಷ್ಟು ಬೇಕಾದ್ರೂ ಮಾತಾಡಿ."

ಮಗಳು ಹಿಂದೆ ಸರಿದಳು. ಅವನು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಕಾರನ್ನು ಮೆಲ್ಲಗೆ ಬಿಟ್ಟ. ಕಟಕ್.

ಅವನು ತಟ್ಟನೆ ಬ್ರೇಕ್ ಒತ್ತಿ ಸುತ್ತ ನೋಡಿದ. ಮೇಸ್ತ್ರಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ. ಮಗಳು ಫೋನಿನಲ್ಲಿ ಯಾರಿಗೋ, ಅಂಗಡಿಯವರಿಗಿರಬೇಕು, ಇನ್ನು ಸ್ವಲ್ಪದರಲ್ಲಿ ಬರುತ್ತೇನೆ ಎನ್ನುತ್ತಿದ್ದಳು. ಯಾರಿಗೂ ಕೇಳಿಸಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲ ಗೊತ್ತಾಯಿತು; ಗೊತ್ತಾದದ್ದು ತಲೆಗಿಂತ ಮೊದಲು ಮೈಗೆ. ಜೀವಮಾನವೆಲ್ಲ ಅವನು ಮಾಡಿದ ಕೆಲಸ ಲಾರಿಗಳ ತೂಕ ತೆಗೆಯುವುದು. ಕಬ್ಬಿಣದ ಹಾಸಿನ ಮೇಲೆ ಲಾರಿ ಬಂದು ನಿಂತರೆ, ಗಾಜಿನ ಗೂಡಿನಿಂದ ತಲೆ ಹೊರಹಾಕಿ ಅವನು ಕೂಗುತ್ತಿದ್ದ ಮಾತು ಒಂದೇ: ಇಳೀರಿ, ಎಲ್ಲರೂ ಇಳೀರಿ. ಡ್ರೈವರು ಇಳಿಯಬೇಕು, ಕ್ಲೀನರು ಇಳಿಯಬೇಕು, ಮೂಟೆಗಳ ನಡುವೆ ಟಾರ್ಪಾಲಿನ ಅಡಿಯಲ್ಲಿ ಮಲಗಿದವನೂ ಇಳಿಯಬೇಕು. ಮನುಷ್ಯ ಹತ್ತಿದ ಗಾಡಿಯೇ ಬೇರೆ, ಇಳಿದ ಗಾಡಿಯೇ ಬೇರೆ ಎಂಬುದನ್ನು ಊರಿನ ಲಾರಿಯವರಿಗೆಲ್ಲ ಬೈದು ಕಲಿಸಿದವನು ಅವನು. ಮನೆಯ ಕಾರಿನ ಶಬ್ದವನ್ನು ಹುಡುಕಲು ಹೋದಾಗ, ಹುಡುಕುವವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಹತ್ತಿಸಿ ಕೂರಿಸಿದ್ದ. ಹೆಂಡತಿಯ ಮಾತು ನಿಜವೋ ಸುಳ್ಳೋ ನೋಡಲು ಎಲ್ಲರೂ ಅವಳ ಪಕ್ಕಕ್ಕೇ ಹೋಗಿ ಕೂತಿದ್ದರು. ಕೂತೇ ಅದರ ಬಾಯಿ ಮುಚ್ಚಿದ್ದರು. ಆಮೇಲೆ ಅವಳೇ ಆ ಸೀಟಿಗೆ ಬಂದಳು. ತನ್ನ ಮೈಯ ಭಾರದಿಂದ ತಾನೇ ಅದನ್ನು ಅಡಗಿಸಿ, ಕಿವಿಗೊಟ್ಟು ಕೇಳಿ, ಏನೂ ಕೇಳಿಸದೆ, ಹಾಗಾದರೆ ನನ್ನ ಬುದ್ಧಿಗೇ ಏನೋ ಆಗಿತ್ತು ಎಂದು ಒಪ್ಪಿಕೊಂಡು, ಅಷ್ಟು ವರ್ಷ ಕೂತಳು.

ಈಗಲೂ ಸುಮ್ಮನಿರಬಹುದಿತ್ತು. ಅವನು ಅದನ್ನು ಯೋಚಿಸಿದ, ಬಹಳ ತಣ್ಣಗೆ. ಕಾರನ್ನು ಗೋಡೆಯ ಬದಿಗೆ ನಿಲ್ಲಿಸಿ, ಕೀಲಿಕೈಯನ್ನು ಮಗಳಿಗೆ ಕೊಟ್ಟು, ಡಾಕ್ಟರರ ಮಾತ್ರೆ ನುಂಗಿದರೆ ಮುಗಿಯಿತು. ದುಃಖದಲ್ಲಿ ತಲೆ ಸಡಿಲಾದ ಮುದುಕ. ಜನ ಅಯ್ಯೋ ಪಾಪ ಎನ್ನುತ್ತಾರೆ. ಹೆಂಡತಿಗೂ ಹಾಗೇ ಆಗಿತ್ತು, ಗಂಡನಿಗೂ ಹಾಗೇ ಆಯಿತು ಎನ್ನುತ್ತಾರೆ. ಹುಚ್ಚು ಎಂಬ ಆ ಮಾತಿನೊಳಗೆ ಎಷ್ಟು ಮೆತ್ತಗಿತ್ತು, ಎಷ್ಟು ಜಾಗವಿತ್ತು! ಇಬ್ಬರೂ ಕೂರಬಹುದಿತ್ತು. ದೇವರೇ, ಎಂದಿತು ಮನಸ್ಸು. ಬೆಳಿಗ್ಗೆ ನಿಂತುಹೋದ ಪ್ರಾರ್ಥನೆ ಅಲ್ಲಿಂದ ಒಂದು ಮಾತೂ ಮುಂದಕ್ಕೆ ಹೋಗಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಹಾಕಿದ. ಬಂದ ದನಿ ತೂಕದ ಗೂಡಿನ ಹಳೆಯ ದನಿ.

"ಮೇಸ್ತ್ರಿ! ಇಲ್ಲಿ ಬನ್ನಿ. ಹತ್ತಬೇಡಿ. ಹೊರಗೇ ನಿಂತು ಚಕ್ರದ ಹತ್ರ ಕಿವಿ ಕೊಡಿ."

ಮೇಸ್ತ್ರಿ ಮುಖ ಒರೆಸುತ್ತ ಬಂದ. ಬೇಸರವನ್ನು ಬಚ್ಚಿಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಬಾಗಿದ. ಅವನು ಸ್ಟೀರಿಂಗ್ ತಿರುಗಿಸಿ ಕಾರನ್ನು ಒಂದು ಮಾರು ಬಿಟ್ಟ.

ಕಟಕ್.

ಮೇಸ್ತ್ರಿಯ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಲ್ಲೇ ನಿಂತಿತು. "ಇನ್ನೊಂದ್ಸಲ," ಎಂದ.

ಕಟಕ್.

"ಈಗ ನೀನು ಹತ್ತಿ ಕೂತ್ಕೋ," ಎಂದ ಅವನು ಮಗಳಿಗೆ. ಅವಳು ಫೋನು ಇಳಿಸಿ ಬಂದು ಕೂತಳು. ಅವನು ತಿರುಗಿಸಿದ. ಮೌನ. "ಇಳಿ." ಇಳಿದಳು. ಕಟಕ್. "ಹತ್ತು." ಮೌನ. "ಇಳಿ." ಕಟಕ್. ಸೀಟಿನಿಂದ ಮೈ ಏಳುತ್ತಲೇ ಅದು ಮಾತಾಡುತ್ತಿತ್ತು. ಮೈ ಕೂರುತ್ತಲೇ ಸುಮ್ಮನಾಗುತ್ತಿತ್ತು. ಮತ್ತೆ ಹತ್ತು ಎಂದಾಗ ಮಗಳು ಬಾಗಿಲಿನ ಮೇಲೆ ಕೈಯಿಟ್ಟವಳು ಹತ್ತಲಿಲ್ಲ. "ಸಾಕು ಅಪ್ಪ," ಎಂದಳು. "ಸಾಕು. ನನಗೆ ಕೇಳಿಸ್ತು."

ಮೇಸ್ತ್ರಿ ಚಕ್ರದ ಹಿಂದಿನ ಸಂದಿಗೆ ಕೈ ತೂರಿಸಿ ಬೆರಳುಗಳಿಂದ ತಡವುತ್ತಿದ್ದ. ಗಟ್ಟಿಕಟ್ಟಿದ ಮಣ್ಣು ಹೆಂಟೆಹೆಂಟೆಯಾಗಿ ಕೆಳಗೆ ಉದುರಿತು. "ಅಯ್ಯೋ ನಿನ್ನ," ಎಂದು ತನಗೆ ತಾನೇ ಹೇಳಿಕೊಂಡ. "ಸ್ಪ್ರಿಂಗು, ಯಜಮಾನ್ರೇ. ಕೆಳಗಿನ ಸುತ್ತು ಮುರಿದು ಬಟ್ಟಲಲ್ಲಿ ಕೂತಿದೆ. ಮೇಲೆ ಮಣ್ಣು ಮೆತ್ತಿದೆ, ಹೊರಗೆ ಕಾಣಲ್ಲ. ಭಾರ ಬಿದ್ರೆ ಎರಡು ತುಂಡೂ ಒತ್ತಿಕೊಂಡು ಒಂದೇ ಆಗಿಬಿಡ್ತವೆ. ಭಾರ ಇಲ್ದಿದ್ರೆ ತಿರುಗಿಸುವಾಗ ಜಾರಿ ಹೊಡೀತದೆ." ಅರ್ಧ ಗಂಟೆಯಲ್ಲಿ ಅವನು ಅದನ್ನು ಬಿಚ್ಚಿ ಹೊರತೆಗೆದ. ಬೆರಳು ಗಾತ್ರದ, ಅರೆಬಳೆಯ ಹಾಗೆ ಬಾಗಿದ ಒಂದು ತುಂಡು. ಮುರಿದ ಜಾಗ ಹೊಸ ಕಬ್ಬಿಣದ ಹಾಗೆ ಬೆಳ್ಳಗಿರಲಿಲ್ಲ. ಕಂದುಬಣ್ಣಕ್ಕೆ ತಿರುಗಿ, ಉಜ್ಜಿ ಉಜ್ಜಿ ನುಣುಪಾಗಿ, ಬಹಳ ಕಾಲ ಬಾಯಲ್ಲಿಟ್ಟುಕೊಂಡ ಕಲ್ಲಿನ ಹಾಗಿತ್ತು.

"ಎಷ್ಟು ಹಳೇದು ಇದು?" ಎಂದಳು ಮಗಳು.

"ವರ್ಷಗಟ್ಟಲೆ ಆಗಿದೆ ಅಮ್ಮ."

"ಅಮ್ಮ ಓಡಿಸ್ತಿದ್ದಾಗಿನಿಂದಲೇ?"

"ಅದು ನನಗೇನು ಗೊತ್ತು? ಕಬ್ಬಿಣ ತಾರೀಕು ಬರ್ಕೊಳ್ಳಲ್ಲ." ಮೇಸ್ತ್ರಿ ನಗಿಸಲು ನೋಡಿದ, ಯಾರೂ ನಗದಿದ್ದಾಗ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಂದಂತೂ ಹೇಳ್ತೀನಿ ಯಜಮಾನ್ರೇ. ಖಾಲಿ ಓಡಿಸಿದ್ರೆ ಇದು ಎಂದೋ ಜಾರಿ ಟೈರಿಗೆ ತಗುಲಬೇಕಿತ್ತು. ವೇಗದಲ್ಲಿದ್ದಾಗ ತಗುಲಿದ್ರೆ ಕತ್ತರಿ ಹಾಕಿದ ಹಾಗೆ. ಇಷ್ಟು ವರ್ಷ ಪಕ್ಕದಲ್ಲಿ ಯಾರೋ ಕೂತಿದ್ದಕ್ಕೆ ಹಿಡ್ಕೊಂಡು ನಿಂತಿದೆ. ಅವರು ಹಿಡ್ಕೊಂಡಿದ್ದಾರೆ ಅನ್ನಿ."

ಅವನು ಗೋಡೆಯ ಪಕ್ಕದ ಹಳೆಯ ಸೀಟಿನ ಮೇಲೆ ಕೂತ. ಯಾವುದೋ ಗುಜರಿ ಗಾಡಿಯಿಂದ ಕಿತ್ತು ತಂದು ಗಿರಾಕಿಗಳು ಕೂರಲೆಂದು ಹಾಕಿದ್ದ ಸೀಟು. ಮಗಳು ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಎದುರಿಗೆ ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿದ್ದ ಕಾರನ್ನು ನೋಡಿದರು.

"ಆ ದಿನ ಊಟಕ್ಕೆ ಕೂತಾಗ ನಾನೂ ನಕ್ಕಿದ್ದೆ," ಎಂದಳು ಅವಳು.

"ನೀನು ಚಿಕ್ಕವಳು."

"ಅಷ್ಟೇನೂ ಚಿಕ್ಕವಳಲ್ಲ, ಅಪ್ಪ."

ಅವನು ಹೌದೆಂದು ತಲೆಯಾಡಿಸಿದ. ಅವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಾಗೆ ಚಾಚುವುದನ್ನು ತಾನೇ ಕಲಿಸಿದ ಆ ಕೈಯನ್ನು ಮುಟ್ಟಲು ಆಗಲಿಲ್ಲ. ಹೋಗುವಾಗ ಅವಳು ಕೀಲಿಕೈಯ ಮಾತೆತ್ತಲಿಲ್ಲ. ಬಿಳಿ ಕೋಟು ಹಾಕಿಕೊಂಡು, ಗೇಟಿನ ತನಕ ಹೋಗಿ, ತಿರುಗಿ ಬಂದು, "ಮನೆಗೆ ನಿಧಾನ ಹೋಗು," ಎಂದಷ್ಟೇ ಹೇಳಿ ಹೋದಳು.

ಕೆಲಸ ಮುಗಿಯುವಾಗ ಬಿಸಿಲು ಇಳಿಯುತ್ತಿತ್ತು. ಮೇಸ್ತ್ರಿ ಕಾರನ್ನು ಜಾಕಿನಿಂದ ಇಳಿಸಿ, ಜೀವನದಲ್ಲಿ ಮೊದಲ ಸಲವೋ ಏನೋ, ಪಕ್ಕದಲ್ಲಿ ಕೂರದೆ ದೂರ ನಿಂತು ಕೈಬೀಸಿದ. "ಒಬ್ಬರೇ ಹೋಗಿ ಯಜಮಾನ್ರೇ. ಹೊಸ ಸ್ಪ್ರಿಂಗು, ಒಗ್ಗೋ ತನಕ ಆ ಕಡೆ ಸ್ವಲ್ಪ ಎತ್ತರ ಅನ್ನಿಸ್ತದೆ. ಹೆದರಬೇಡಿ."

ಮೊದಲ ತಿರುವು. ಅವನು ಉಸಿರು ಬಿಗಿಹಿಡಿದು ಸ್ಟೀರಿಂಗ್ ತಿರುಗಿಸಿದ. ಏನೂ ಬರಲಿಲ್ಲ. ಎರಡನೆಯದು, ಏನೂ ಇಲ್ಲ. ಗೋದಾಮುಗಳ ಹಿಂದಿನ ರಸ್ತೆಗೆ ಬೇಕೆಂದೇ ಹೋದ, ಹಳ್ಳಗಳ ಮೇಲೆ ಹಾಯಿಸಿದ, ವೃತ್ತವನ್ನು ಸುತ್ತಿದ, ಮತ್ತೆ ಸುತ್ತಿದ. ಕಾರು ಬೆಣ್ಣೆಯ ಹಾಗೆ ಹೋಯಿತು. ಈ ಮೌನ ಅವನಿಗೆ ಹೊಸದಲ್ಲ. ಅವಳನ್ನು ಕೂರಿಸಿಕೊಂಡು ಓಡಿಸಿದ ವರ್ಷಗಳುದ್ದಕ್ಕೂ ಇದ್ದದ್ದು ಇದೇ. ಇದೇ ಮೆತ್ತನೆ, ಇದೇ ನಿಲುವು, ತಿರುವಿನಲ್ಲಿ ಆ ಕಡೆಯ ಚಕ್ರ ನೆಲಕ್ಕೆ ಅಂಟಿಕೊಳ್ಳುವ ಇದೇ ರೀತಿ. ಸೀಟಿನಲ್ಲಿ ಭಾರವಿದ್ದರೆ ಶಬ್ದವಿರುವುದಿಲ್ಲ ಎಂದು ಇವತ್ತು ಅವನೇ ಎಲ್ಲರಿಗೂ ತೋರಿಸಿಕೊಟ್ಟಿದ್ದ. ಹೊಸ ಸ್ಪ್ರಿಂಗಿನಿಂದ ಅದೆಲ್ಲ ಬದಲಾಯಿತೆಂದು ಬುದ್ಧಿ ಹೇಳುತ್ತಿತ್ತು. ಆದರೆ ಅವನ ಕುತ್ತಿಗೆ ಆ ಕಡೆಗೆ ತಿರುಗಲು ಒಪ್ಪಲಿಲ್ಲ. ಕಣ್ಣಂಚಿನಲ್ಲಿ ಸಂಜೆಯ ಬೆಳಕು ಸೀಟಿನ ಮೇಲೆ ಬಿದ್ದು, ಎದ್ದು, ಮತ್ತೆ ಬೀಳುತ್ತಿತ್ತು. ಕೆಂಪು ದೀಪದಲ್ಲಿ ನಿಂತಾಗ ಪಕ್ಕದ ಬೈಕಿನವನೊಬ್ಬ ಒಳಗೆ ಇಣುಕಿ ನೋಡಿ, ದಾರಿ ಬಿಡಲೆಂಬಂತೆ ಸ್ವಲ್ಪ ಆಚೆ ಸರಿದು ನಿಂತ. ಯಾಕೆ ಸರಿದನೆಂದು ಅವನು ಯೋಚಿಸಲಿಲ್ಲ. "ಅಕ್ಕನ ಮನೆಗೆ ಹೋಗ್ಬೇಕಿತ್ತಾ?" ಎಂದು ಕೇಳಿದ, ಎದುರಿನ ದೀಪವನ್ನೇ ನೋಡುತ್ತ. ಅಕ್ಕನೂ ಹೋಗಿ ಬಹಳ ಕಾಲವಾಗಿತ್ತು. ದೀಪ ಹಸಿರಾಯಿತು.

ಮನೆಯ ಮುಂದೆ ಕಾರು ನಿಲ್ಲಿಸಿದ. ಇಂಜಿನ್ ನಿಂತ ಮೇಲೆ ರಸ್ತೆಯ ಸದ್ದುಗಳು ಒಂದೊಂದಾಗಿ ಹತ್ತಿರ ಬಂದವು. ಎಲ್ಲೋ ಒಂದು ಕಿಟಕಿ ಮುಚ್ಚಿತು, ಯಾರೋ ಯಾರನ್ನೋ ಕರೆದರು. ಅವನು ಕೀಲಿಕೈಯನ್ನು ತೆಗೆಯಲಿಲ್ಲ. ಅದನ್ನು ಸ್ಟೀರಿಂಗಿನ ಬದಿಯಲ್ಲೇ ಬಿಟ್ಟು ಇಳಿದ, ತನ್ನ ಬಾಗಿಲನ್ನು ತೆರೆದೇ ಇಟ್ಟ. ಕಾರಿನ ಮುಂದಿನಿಂದ ಸುತ್ತಿಕೊಂಡು ಆ ಕಡೆಗೆ ನಡೆದ. ಬಿಸಿಯಾದ ಲೋಹ ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಪಕ್ಕದ ಬಾಗಿಲನ್ನು ತೆರೆದು, ಇಳಿಯುವವರಿಗೆ ಜಾಗ ಬಿಡುವ ಹಾಗೆ ಸರಿದು ನಿಂತ. ಅಷ್ಟು ಹೊತ್ತು ಸಾಕು ಎನ್ನಿಸಿದ ಮೇಲೆ ಬಾಗಿ, ಸೀಟಿನ ಮೇಲೆ ಕೂತು, ಬಾಗಿಲು ಎಳೆದುಕೊಂಡ. ಕಾರು ಅವನ ಕಡೆಗೆ ವಾಲಿತು. ಆ ಸೀಟಿನಿಂದ ಕಾಣುವ ರಸ್ತೆಯೇ ಬೇರೆ. ಎಲ್ಲವೂ ಹತ್ತಿರ, ಎಲ್ಲವೂ ಮೇಲೆ ಬೀಳುವ ಹಾಗೆ, ಹಿಡಿದುಕೊಳ್ಳಲು ಕೈಗೆ ಏನೂ ಇಲ್ಲ. ಅವನು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಕಾಲುಗಳನ್ನು ಹಿಂದಕ್ಕೆ, ಸೀಟಿನ ಕೆಳಗೆ ಎಳೆದುಕೊಂಡ, ಇಲ್ಲದ ಬ್ರೇಕನ್ನು ಒತ್ತದ ಹಾಗೆ.

"ನೀನೇ ಓಡಿಸು," ಎಂದ. "ನಾನು ಏನೂ ಹೇಳಲ್ಲ."

ಸ್ಟೀರಿಂಗಿನ ಕಡೆಯ ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ಒಳಗೆ ಬಂತು. ಅವನು ಮುಂದಿನ ರಸ್ತೆಯನ್ನೇ ನೋಡುತ್ತ ಕೂತ. ಅವನ ಕಡೆಗೆ ವಾಲಿದ್ದ ಕಾರು, ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ, ಸಮಕ್ಕೆ ಬಂತು.